ತೋಪಿನ ಪಿನ್ನಿನ ಪ್ರಾಮಾಣಿಕ ದರ

ಎಲ್ಲ ರಾದ್ಧಾಂತಕ್ಕೂ ಕಾರಣ ಬೆರಳುದ್ದದ ಒಂದು ಉಕ್ಕಿನ ಪಿನ್ನು. ಬೀದರ ಕೋಟೆಯ ಮೇಲಿನ ಹಳೆ ತೋಪಿನದಲ್ಲ, ಸೈನ್ಯದ ಹೊಸ ತೋಪಿನದು. ಚೌಕಾಶಿಗೆಂದು ಎಲ್ಲರೂ ಟೆಂಡರಿನಲ್ಲಿ ದರವನ್ನು ಎರಡರಷ್ಟು ಬರೆಯುವ ಊರಿನಲ್ಲಿ, ಲೇಥ್ ಮಿಷನ್ನಿನಲ್ಲಿ ಉಕ್ಕು ಕಡೆಯುವ ರೂಬೆನ ಇದ್ದದ್ದನ್ನೇ ಬರೆದಿದ್ದ: ಒಂದಕ್ಕೆ ನಲವತ್ತು ರೂಪಾಯಿ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೈಗೆ ಸುಳ್ಳು ಬರೆಯಲು ಬರಲಿಲ್ಲ. ಆರ್ಡರೂ ಅವನಿಗೇ ಸಿಕ್ಕಿತು.

ಆಮೇಲೆ ಉಕ್ಕು ತುಟ್ಟಿಯಾಯಿತು. ಆಯುಧಗಳ ಬೆಲೆ ಬೇಕಾಬಿಟ್ಟಿ ಏರದಂತೆ ಹೊಸ ಕಾಯಿದೆಯೂ ಬಂತು. ಮೊದಲು ಬರೆದ ದರ ಕಾಲುಭಾಗಕ್ಕಿಂತ ಹೆಚ್ಚು ಏರಿದರೆ ಆರ್ಡರು ರದ್ದು. ಅಂದರೆ ಐವತ್ತು ದಾಟುವಂತಿಲ್ಲ. ರೂಬೆನನ ಲೆಕ್ಕ ಐವತ್ತೆಂಟಕ್ಕೆ ನಿಂತಿತ್ತು. ಸಂಜೆ ಐದರೊಳಗೆ ಹೊಸ ದರ ಬರೆದುಕೊಡಬೇಕಿತ್ತು.

"ಇದು ಹೋದ್ರ ಲೇಥ್ ಮಾರಬೇಕಾಗ್ತದರಿ," ಎಂದಳು ಹೆಂಡತಿ ದೊರ್ಕಾ.

ರೂಬೆನ ಭಾಲ್ಕಿಗೆ ಓಡಿದ. ಪಿನ್ನನ್ನು ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡುವ ಮುಬಶ್ಶೀರ, "ಅರ್ಧಾ ತಾಸು ಕಮ್ಮಿ ಕಾಯಿಸ್ತೇನಿ, ಐದ್ ರೂಪಾಯಿ ಉಳಿತದ. ಈಗ ಎಲ್ಲಿ ಜಂಗ್ ಲಡಾಯಿ ನಡದದ ಭಾಯ್?" ಎಂದ.

"ತೋಪಿನ ಹಿಂದ ಯಾರದೋ ಮಗ ನಿಂತಿರ್ತಾನಲ್ರಿ!"

ಮುಬಶ್ಶೀರನ ಮುಖ ಸಣ್ಣದಾಯಿತು. ಪೂರಾ ಕಾಯಿಸಲು ಒಪ್ಪಿ, ತನ್ನ ಲಾಭದಲ್ಲೇ ಒಂದು ರೂಪಾಯಿ ಬಿಟ್ಟ.

ಅಲ್ಲಿಂದ ಔರಾದ. ಪಿನ್ನು ತುಂಬಿ ಕಳಿಸುವ ಕಟ್ಟಿಗೆಯ ಪೆಟ್ಟಿಗೆ ಮಾಡಿಸುವ ಸುಭದ್ರಾಬಾಯಿ, "ಒಂದು ರೂಪಾಯಿ ಬಿಡ್ತೇನಿ ತಮ್ಮಾ, ಮೊಳಿ ನೀನೇ ಹೊಡಿ," ಎಂದಳು. ಮೊದಲ ಪೆಟ್ಟೇ ಹೆಬ್ಬೆರಳಿಗೆ ಬಿತ್ತು. ವಾಪಸು ಬರುವ ಬಸ್ಸಿನಲ್ಲಿ ರೂಬೆನ ತನ್ನ ಐದು ರೂಪಾಯಿ ಕೂಲಿಯನ್ನೂ ಲೆಕ್ಕದಿಂದ ಹೊಡೆದುಹಾಕಿದ. ಆದರೂ ಐವತ್ತೊಂದು. ಐವತ್ತೆಂದು ಸುಳ್ಳು ಬರೆಯಲು ಈಗಲೂ ಕೈ ಬರಲಿಲ್ಲ.

"ಒಂದು ರೂಪಾಯಿ ದಾಟ್ಯದರಿ," ಎಂದು ಖರೀದಿ ಕಚೇರಿಯ ಶಶಿಕಲಾ ಮೇಡಂ ಕೆಂಪು ಗೆರೆ ಎಳೆದರು. "ಆರ್ಡರ್ ಇನ್ನ ಎರಡನೇ ನಂಬರಿನವ್ರಿಗೆ. ಅನೀಲಕುಮಾರ."

ಅನೀಲಕುಮಾರ ರೂಬೆನನ ಪಕ್ಕದ ಶೆಡ್ಡಿನವನು. "ಅಂವಾ ಎಂಬತ್ತು ಬರದಾನಲ್ರಿ ಮೇಡಂ!"

"ಆಗೂ ಎಂಬತ್ತು, ಈಗೂ ಎಂಬತ್ತು. ಒಂದು ಪೈಸಾ ಏರಿಲ್ಲ. ಕಾಯಿದೆಗೆ ಬೇಕಾದದ್ದು ಅದೇ ನೋಡ್ರಿ."

ಹೊರಗೆ ಅನೀಲಕುಮಾರ ಚಹಾ ಹಿಡಿದು ಕಾಯುತ್ತಿದ್ದ. "ರೂಬೆನಣ್ಣಾ, ಇಷ್ಟು ನಾಜೂಕ ಕೆಲಸ ನನ್ನ ಮಿಷನ್‌ದಾಗ ಆಗಂಗಿಲ್ಲ. ನೀನೇ ಮಾಡಿಕೊಡು."

ರೂಬೆನನಿಗೆ ಜೀವ ಬಂದಂತಾಯಿತು. "ಒಂದಕ್ಕ ಏನು ಕೊಡ್ತಿ?"

"ಐವತ್ತೊಂದು. ಈಗಷ್ಟೇ ಒಳಗ ಬರದು ಕೊಟ್ಟಿದಿ. ನೀ ಸುಳ್ಳು ಬರಿಯಾಂವ ಅಲ್ಲ ಅಂತ ಊರಿಗೆಲ್ಲಾ ಗೊತ್ತದ."

ಲೇಥ್ ಮಾರುವುದು ತಪ್ಪಿತು. ಮರುದಿನದಿಂದ ರೂಬೆನ ಪುಕ್ಕಟೆ ದುಡಿಯತೊಡಗಿದ.