ಬಸ್ಸಿಗೂ ಹೊಳೆಗೂ ಅಪ್ಪನ ಆಶೀರ್ವಾದ

ಹೆದರುವವರಿಗೇ ಹೆದರಿಸುವಂಥದ್ದು ಎದುರಾಗುತ್ತದೆ ಎನ್ನುವುದಕ್ಕೆ ನಾನೂ ನನ್ನ ಅಪ್ಪನೂ ಸಾಕ್ಷಿ. ಅಪ್ಪ ಪುತ್ತೂರಿನಲ್ಲಿ ದರ್ಜಿ. ನಾಯಿಗೆ, ಗುಡುಗಿಗೆ, ನೀರಿಗೆ ಹೆದರುವವರು. ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳಿಗೆ ಏನಾದರೂ ಆದೀತೆಂದು ಹೆದರುವವರು. ಎಪ್ಪತ್ತರ ದಶಕದ ಕೊನೆಯಲ್ಲಿ ಸುಳ್ಯದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಅಮ್ಮ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದರು. ಅಪ್ಪ ಕೇಳಿದ್ದು ಒಂದೇ: "ಅಲ್ಲಿ ಹೊಳೆ ಉಂಟಾ?"

ಉಂಟು.

೧. ಸಂಕ

ಬಸ್ಸಿಳಿದು ಒಂದು ಮೈಲು ನಡೆದರೆ ಹೊಳೆ. ಅದರ ಮೇಲೆ ಎರಡು ಅಡಿಕೆ ಮರ ಜೋಡಿಸಿದ ಸಂಕ, ಹಿಡಿಯಲು ಒಂದೇ ಕಡೆ ಬಿದಿರು. ಜೂನ್ ತಿಂಗಳು, ಕೆಳಗೆ ಕೆಂಪು ನೀರು. ನನ್ನ ಕಾಲು ಮುಂದೆ ಹೋಗಲಿಲ್ಲ. ಈ ಕೆಲಸವೇ ಬೇಡ ಎನಿಸಿತು. ಜೊತೆಗೆ ಬಂದಿದ್ದ ಅಪ್ಪನ ಮುಖ ನನ್ನದಕ್ಕಿಂತ ಬಿಳಿಚಿತ್ತು.

"ನಾನು ಮುಂದೆ ಹೋಗ್ತೇನೆ ಬಾಯೆ," ಎಂದರು. ಮಗಳನ್ನು ನಮ್ಮಲ್ಲಿ ಹಾಗೆ ಕರೆಯುವುದು. "ನೀನು ನನ್ನ ಬೆನ್ನು ಮಾತ್ರ ನೋಡು."

ಜಪಮಾಲೆಯ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುತ್ತಾ ಅವರು ದಾಟಿದರು. ಆ ಬೆನ್ನನ್ನೇ ನೋಡುತ್ತಾ ನಾನೂ ದಾಟಿದೆ. ಆಚೆ ತಲುಪಿದ ಮೇಲೆ, "ನೋಡಿದ್ಯಾ, ಹೆದರ್ಲಿಕ್ಕೆ ಎಂತ ಉಂಟು?" ಎಂದರು. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಆಮೇಲೆ ಅಪ್ಪ ಮನೆಗೆ ಹೋಗಲೇ ಇಲ್ಲ. ಶಾಲೆಯ ಜಗಲಿಯಲ್ಲಿ ಕೂತೇ ಇದ್ದರು. ಮಧ್ಯಾಹ್ನದ ಗಂಟೆ ಹೊಡೆಯಿತು, ಸಂಜೆಯದೂ ಹೊಡೆಯಿತು. ಹೆಡ್ಮಾಸ್ಟರು ಬಂದು, "ಎಂತ ಮಾರಾಯ್ರೆ, ಮಗಳನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ವಾ?" ಎಂದರು.

"ಮನಸ್ಸು ಉಂಟು ಮಾಷ್ಟ್ರೇ," ಎಂದರು ಅಪ್ಪ. "ಆದ್ರೆ ಹಿಂದೆ ಹೋಗುವಾಗ ನನಗೂ ಮುಂದೆ ಒಂದು ಬೆನ್ನು ಬೇಕಲ್ಲ."

೨. ಬಸ್ಸು

ನಮ್ಮ ಕ್ರೈಸ್ತ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ಹಿರಿಯರೆದುರು ಕೈಮುಗಿದು 'ಬೆಸಾಂವ್', ಅಂದರೆ ಆಶೀರ್ವಾದ, ಕೇಳುವುದು ಪದ್ಧತಿ. ಅಪ್ಪ ಹೆಬ್ಬೆರಳಿನಿಂದ ನಮ್ಮ ಹಣೆಯ ಮೇಲೆ ಶಿಲುಬೆ ಎಳೆಯುತ್ತಿದ್ದರು. ಎಷ್ಟೇ ಜಗಳವಾಗಿದ್ದರೂ, ಕೇಳಿದ ಮಗುವಿಗೆ ಕೊಡದೆ ಬಿಟ್ಟವರಲ್ಲ.

ನಾನು ವಾರವಿಡೀ ಹಳ್ಳಿಯಲ್ಲೇ ಉಳಿಯತೊಡಗಿದ ಮೇಲೆ ಅಪ್ಪ ಸೋಮವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದು ಐದು ದಿನದ ಬೆಸಾಂವನ್ನು ಒಟ್ಟಿಗೆ ಕೊಟ್ಟುಬಿಡುತ್ತಿದ್ದರು. ಅಷ್ಟಕ್ಕೂ ಧೈರ್ಯ ಸಾಲದೆ ಬಸ್ಸಿನ ಮುಂದಿನ ಗಾಜಿಗೂ ಒಂದು ಶಿಲುಬೆ ಎಳೆಯುತ್ತಿದ್ದರು. "ಗಾಜು ಕೊಳಕು ಮಾಡ್ಬೇಡಿ ಮಾರಾಯ್ರೆ," ಎಂದು ಡ್ರೈವರು ಪ್ರತಿ ವಾರ ಗದರುತ್ತಿದ್ದರು. ನಾನು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದೆ.

ಒಂದು ಸೋಮವಾರ ಅಪ್ಪನಿಗೆ ಜ್ವರ. ಹೊರಗೆ ಧಾರಾಕಾರ ಮಳೆ. ಹೊರಡುವ ಹೊತ್ತಾದರೂ ಬಸ್ಸು ಕದಲಲಿಲ್ಲ.

"ಟೀಚರೇ, ನಿಮ್ಮ ತಂದೆ ಎಲ್ಲಿ?" ಎಂದರು ಡ್ರೈವರು.

"ಜ್ವರ, ಮಲಗಿದ್ದಾರೆ."

ಡ್ರೈವರು ಒಮ್ಮೆ ಗಾಜನ್ನೂ ಒಮ್ಮೆ ಮಳೆಯನ್ನೂ ನೋಡಿದರು. "ಹಾಗಾದ್ರೆ ನೀವೇ ಒಂದು ಎಳೀರಿ. ದಾರಿಯಲ್ಲಿ ತಿರುವು ಸುಮಾರು ಉಂಟು."

ಇಳಿದು ಎಳೆದೆ. ಹತ್ತಲು ಹೊರಟರೆ ಅವರು ಕಿಟಕಿಯಿಂದ ತಲೆ ಹೊರಹಾಕಿ, "ಹಿಂದಿನ ಟಯರಿಗೂ ಒಂದು," ಎಂದರು.

೩. ಹೊಳೆ

ಜುಲೈಯ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟರೆ ಸಂಕವೇ ಇಲ್ಲ, ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ಕೊಡೆ ಹಿಡಿದ ಅಪ್ಪ! ಮಳೆಗೆ ಹೆದರಿ, ನನ್ನನ್ನು ಕರೆದೊಯ್ಯಲು ಬಂದಿದ್ದರು. "ಹಿಂದೆ ಹೋಗಿ ಪಪ್ಪಾ!" ಎಂದು ಕೂಗಿದೆ. ನೀರಿನ ಅಬ್ಬರಕ್ಕೆ ನನ್ನ ಕೂಗು ನನಗೇ ಕೇಳಲಿಲ್ಲ. ಅವರು ನೀರಿಗೆ ಒಂದು ಹೆಜ್ಜೆ ಇಟ್ಟರು. ಈಜು ಬಾರದ ಮನುಷ್ಯ. ದಮ್ಮಯ್ಯ, ಬರಬೇಡಿ ಎಂದು ಎರಡೂ ಕೈ ಜೋಡಿಸಿ ಬೇಡಿದೆ.

ಅಪ್ಪ ಕೊಡೆ ಎಸೆದು ಮೊಣಕಾಲಿನವರೆಗೆ ಇಳಿದರು. ನಾನು ಅಳುತ್ತಾ ಮತ್ತೂ ಮತ್ತೂ ಕೈಮುಗಿದೆ. ಅವರು ಸೊಂಟದವರೆಗೆ ಬಂದರು, ಹೆಬ್ಬೆರಳು ಎತ್ತಿ ಹಿಡಿದುಕೊಂಡು. ಆಗ ತಿಳಿಯಿತು: ಮಗಳು ಬೆಸಾಂವ್ ಕೇಳುತ್ತಿದ್ದಾಳೆಂದು ನನ್ನ ಹಣೆಯವರೆಗೆ ಬರಲು ಹೊರಟಿದ್ದಾರೆ!

ತಟಕ್ಕನೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅಪ್ಪ ಪೆಚ್ಚಾಗಿ ನಿಂತರು. ಅಷ್ಟರಲ್ಲಿ ತೋಟದ ಆಳುಗಳಿಬ್ಬರು ಓಡಿಬಂದು ಅವರ ರಟ್ಟೆ ಹಿಡಿದು ಹಿಂದಕ್ಕೆಳೆದರು. ಎಳೆಸಿಕೊಳ್ಳುತ್ತಲೇ ಅಪ್ಪ ಗಾಳಿಯಲ್ಲಿ ಶಿಲುಬೆ ಎಳೆದರು. ಮೊದಲು ನನಗೆ, ಮತ್ತೆ ಹೊಳೆಗೆ, ಕೊನೆಗೆ ಎಳೆಯುತ್ತಿದ್ದ ಆ ಇಬ್ಬರಿಗೂ.

ನೀರಿಳಿದ ಮೇಲೆ ಮನೆಗೆ ಹೋಗಿ ಜಗಳ ತೆಗೆದೆ. "ನಾನು ಕೈಮುಗಿಯುದು ಬಿಟ್ಟ ಮೇಲಾದ್ರೂ ಹಿಂದೆ ಹೋಗ್ಬಾರ್ದಿತ್ತಾ? ಆಗಲೂ ಬೆಸಾಂವ್ ಯಾಕೆ ಕೊಟ್ಟದ್ದು? ಪ್ರಾಣ ಹೋಗ್ತಿತ್ತಲ್ಲ ಪಪ್ಪಾ!"

ಅಪ್ಪ ಗೋಡೆಯ ಮೇಲಿನ ಶಿಲುಬೆಯತ್ತ ನೋಡಿದರು. "ನಾವು ಕೇಳುದು ಬಿಟ್ಟದ್ದಕ್ಕೆ ಅವನು ಕೊಡುದು ಬಿಟ್ಟಿದ್ದಾನಾ ಬಾಯೆ? ಅಪ್ಪ ಅಂದ್ಮೇಲೆ ಹಾಗೆಯೇ."

ನನಗೆ ಕಣ್ಣು ತುಂಬಿ ಬಂತು, ಕೈಮುಗಿದೆ. ಅವರು ಕೂಡಲೇ ಹೆಬ್ಬೆರಳನ್ನು ನನ್ನ ಹಣೆಗೆ ಒತ್ತಿ, ಮೆಲ್ಲಗೆ ಹೇಳಿದರು:

"ಆದ್ರೆ ಮಳೆಗಾಲದಲ್ಲಿ ಮಾತ್ರ ಸ್ವಲ್ಪ ನೋಡಿಕೊಂಡು ಕೈಮುಗಿ."