ಕೆಸರಿನ ಮೇಲೆ ಆರು ಗಂಟೆ

ಇನ್ನೊಬ್ಬರ ಮಾತಿಗೆ ಕಿವಿ ಕೊಡುವುದರಲ್ಲಿ ನನ್ನನ್ನು ಮೀರಿಸುವವರು ಈ ದಡದಲ್ಲಿ ಯಾರೂ ಇಲ್ಲ. ಇದು ಜಂಭವಲ್ಲ, ದೇವರು ಕೊಟ್ಟದ್ದು. ಈ ಕಿವಿಯ ಬಲದಿಂದಲೇ ಯಜಮಾನರ ಹಾಯಿದೋಣಿಯನ್ನು ಉಳಿಸಿಕೊಡುತ್ತೇನೆಂದು ಆ ಬೆಳಗ್ಗೆ ಪ್ರಾರ್ಥನೆಯಲ್ಲಿ ಮಾತು ಕೊಟ್ಟುಬಿಟ್ಟೆ. ದೇವರು ಬೇಡವೆನ್ನಲಿಲ್ಲ. ಅವನೂ ಸುಮ್ಮನೆ ಕೇಳಿಸಿಕೊಳ್ಳುವವನೇ.

ನಮ್ಮದು ಚಪ್ಪಟೆ ತಳದ ಹಳೆಯ ದೋಣಿ, ನಲವತ್ತು ವರ್ಷ ಇಟ್ಟಿಗೆ ಹೊತ್ತದ್ದು. ಲಾರಿಗಳು ಬಂದವು. ಇಟ್ಟಿಗೆ ರಸ್ತೆ ಹಿಡಿಯಿತು, ಯಜಮಾನರು ಮೂಲೆ ಹಿಡಿದರು. ಜನರನ್ನು ಬೆಳಗ್ಗೆ ಹತ್ತಿಸಿಕೊಂಡು, ಅಳಿವೆ ಸುತ್ತಿಸಿ, ಸಂಜೆಗೆ ಇಳಿಸಿದರಾಯಿತು ಎಂಬ ಯೋಚನೆ ನನ್ನದು. ಬಂದರಿನ ಅಧಿಕಾರಿ ಒಂದು ಸುತ್ತು ಬಂದು ನೋಡಿ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ದೋಣಿ ಸೌದೆ.

ಅವರು ಬಂದ ದಿನ ಆಕಾಶಕ್ಕೆ ಬೂದಿ ಬಳಿದಂತಿತ್ತು. ಅಧಿಕಾರಿಯ ಮುಖ ಅದಕ್ಕಿಂತ ಒಂದು ಕೈ ಮೇಲು. ಜೊತೆಗೆ ದರ್ಜಿ ಹೆಂಗಸು, ನಿವೃತ್ತ ಮೇಷ್ಟ್ರು, ಇನ್ನೂ ಐದಾರು ಮಂದಿ. ಮಧ್ಯಾಹ್ನದವರೆಗೆ ಹಾಯಿ ಗಾಳಿ ಕುಡಿದು ಉಬ್ಬಿತ್ತು, ನಾನೂ ಅಷ್ಟೇ. ಯಜಮಾನರು ಮಾತ್ರ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ.

"ಎರಡು ತುತ್ತು ತಿಂದು ಬನ್ನಿ. ಚುಕ್ಕಾಣಿ ನಾನು ಹಿಡೀತೀನಿ," ಅಂದೆ.

"ನೀರು ಇಳೀತಾ ಇದೆ ಕಣೇ. ನೀರಲ್ಲಿರೋ ಆ ಕೆಂಪು ಕಂಬ ಎಡಗಡೆಗೇ ಇರಬೇಕು, ಅದರಾಚೆ ಬರೀ ಕೆಸರು. ಕಣ್ಣು ತೆಗೀಬೇಡ."

"ಕಂಬ ನೋಡೋಕೂ ಪಾಠ ಬೇಕಾ ನನಗೆ?"

ಅವರು ಕೆಳಗಿಳಿದರು. ಅಧಿಕಾರಿ ನನ್ನ ಪಕ್ಕ ಬಂದು ನಿಂತರು.

"ನಿಮ್ಮ ಯಜಮಾನರು ಪುಣ್ಯವಂತರು. ನನ್ನವಳು ಹೋಗಿ ಮೂರು ತಿಂಗಳಾಯ್ತು. ಈಗಲೂ ಎರಡು ಲೋಟ ಚಹಾ ಮಾಡಿಬಿಡ್ತೀನಮ್ಮಾ."

ಇಂಥ ಮಾತು ಆಡುತ್ತಿರುವ ಮನುಷ್ಯನಿಂದ ಮುಖ ತಿರುಗಿಸಿ ಕಂಬ ನೋಡುವುದು ಹೇಗೆ? ನಾನು ಅವರನ್ನೇ ನೋಡಿದೆ. ಕಂಬ ಸಂಕೋಚದಿಂದ ಬಲಗಡೆಗೆ ಸರಿದುಕೊಂಡಿತು. ದೋಣಿ ಮುದಿ ಎಮ್ಮೆಯಂತೆ ಒಮ್ಮೆ ಉಸಿರುಬಿಟ್ಟು ಕೆಸರಿನಲ್ಲಿ ಕೂತಿತು.

ಯಜಮಾನರು ಬಾಯಿಯ ತುತ್ತಿನೊಡನೆ ಮೇಲೆ ಬಂದರು. ಕಂಬ ನೋಡಿದರು, ನನ್ನನ್ನು ನೋಡಿದರು, ತುತ್ತು ನುಂಗಿದರು.

"ನಿನ್ನ ಎಡಗೈ ಯಾವುದು?"

ತೋರಿಸಿದೆ.

"ಗೊತ್ತಿದ್ದೂ ಮಾಡಿದ್ಯಾ. ಇನ್ನು ದೇವರೇ ಗತಿ."

"ಅವನನ್ನ ಯಾಕೆ ಎಳೀತೀರಿ, ಅವನು ಚುಕ್ಕಾಣಿ ಮುಟ್ಟಿಲ್ಲ."

ನೀರು ಇಳಿದುಹೋಯಿತು. ಸುತ್ತ ಕೆಸರು. ಮತ್ತೆ ನೀರೇರಲು ಆರು ಗಂಟೆ. ಮೊದಲ ಗಂಟೆಯಲ್ಲಿ ಚಹಾ ಮುಗಿಯಿತು, ಎರಡನೆಯದರಲ್ಲಿ ಬ್ರೆಡ್ಡು. ಆಮೇಲೆ ಉಳಿದದ್ದು ದುಃಖ ಮಾತ್ರ. ಅದು ಎಲ್ಲರ ಬಳಿಯೂ ಧಾರಾಳವಾಗಿತ್ತು. ದರ್ಜಿ ಹೆಂಗಸು ಮಾತುಬಿಟ್ಟ ಮಗಳ ಕಥೆ ಹೇಳಿದಳು. ಮೇಷ್ಟ್ರು ಮಂಡಿನೋವಿನಿಂದ ಶುರುಮಾಡಿ ಮರಣಭಯದಲ್ಲಿ ಮುಗಿಸಿದರು. ಅಧಿಕಾರಿ ಅತ್ತೇಬಿಟ್ಟರು. ಎಲ್ಲವನ್ನೂ ಕೇಳಿದೆ. ಎದ್ದು ಹೋಗುವುದಾದರೂ ಎಲ್ಲಿಗೆ? ಯಜಮಾನರು ಮುಂದಿನ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದರು.

ವಾರದ ಮೇಲೆ ಕಾಗದ ಬಂತು. 'ದೋಣಿ ಆರು ಗಂಟೆ ಅಲುಗಾಡದೆ ನಿಂತದ್ದನ್ನು ಖುದ್ದು ಕಂಡಿದ್ದೇನೆ. ಜನರಿಗೆ ಸಮಾಧಾನವೂ ಆಗಿದೆ. ಆದ್ದರಿಂದ ದಡಕ್ಕೆ ಕಟ್ಟಿ, ಹಾಯಿ ಏರಿಸದೆ, ಜನರನ್ನು ಕೂರಿಸಲು ಅನುಮತಿಸಲಾಗಿದೆ.'

ಯಜಮಾನರು ಎರಡು ಸಲ ಓದಿದರು. "ಓಡೋ ದೋಣೀನ ಬೆಂಚು ಮಾಡಿದೆ ಕಣೇ."

"ಸೌದೆ ಆಗಲಿಲ್ಲವಲ್ಲ. ಜನ ಬರ್ತಾರೆ, ಮನಸ್ಸು ಹಗುರ ಮಾಡ್ಕೋತಾರೆ, ನಾನು ಕೇಳ್ತೀನಿ."

"ಕೇಳ್ತೀಯ. ಅವತ್ತು ಆರು ಗಂಟೆ ಅಲ್ಲಿ ಒಬ್ಬನೇ ಕೂತಿದ್ದೆ. ಏನ್ರೀ ಅಂತ ಒಂದು ಮಾತು ಕೇಳಿದ್ಯಾ?"



ಮರುವಾರ ಕಟ್ಟಿದ ದೋಣಿಯ ಮುಂದೆ ಜನ ಸಾಲುಗಟ್ಟಿದರು. ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಾ ಹೋದೆ. ಮಧ್ಯಾಹ್ನ ತಲೆಯೆತ್ತಿದರೆ ಸಾಲಿನ ಕೊನೆಯಲ್ಲಿ ಒಗೆದ ಅಂಗಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು, ನನ್ನ ಯಜಮಾನರು.

"ನನ್ನ ಪಾಳಿ ಇವತ್ತು ಬರುತ್ತಾ ಅಮ್ಮಾ," ಅಂದರು, "ಅಥವಾ ನಾಳೆ ಬರಲಾ?"