ಬೀಗರ ಕೆಂಪು ವಹಿ

ನಮ್ಮ ಬೀಗರು ನನ್ನನ್ನು ನಾಲ್ಕು ವರ್ಷದ ಹಿಂದೆಯೇ ಮಣ್ಣು ಮಾಡಿ ಮುಗಿಸಿದ್ದಾರೆ! ಗಾಬರಿಯಾಗಬೇಡಿ, ವಹಿಯಲ್ಲಿ.

ಬೀಗರೆಂದರೆ ನನ್ನ ಮಗಳ ಮಾವ. ಸುತ್ತಲಿನ ಏಳೆಂಟು ಹಳ್ಳಿಗಳ ಕ್ರೈಸ್ತರಿಗೆಲ್ಲ ಅವರೊಬ್ಬರೇ ಪಾದ್ರಿಗಳು. ಮಳೆಗಾಲದಲ್ಲಿ ಯಾರಾದರೂ ತೀರಿಕೊಂಡರೆ ಎರೆಮಣ್ಣಿನಲ್ಲಿ ಕಾಲು ಕಿತ್ತಿಡುವುದರಲ್ಲೇ ದಿನ ಹೋಗುತ್ತದೆ, ಮಣ್ಣು ಮಾಡುವಾಗ ಹೇಳುವ ಪ್ರಸಂಗ ಬರೆಯಲು ಹೊತ್ತೆಲ್ಲಿ? ಅದಕ್ಕೇ ಬದುಕಿರುವವರೆಲ್ಲರ ಸಮಾಧಿಯ ಪ್ರಸಂಗವನ್ನು ಮೊದಲೇ ಬರೆದಿಟ್ಟಿದ್ದಾರೆ. ಕೆಂಪು ರಟ್ಟಿನ ವಹಿ, ತಲೆಗೊಂದು ಪುಟ. ಅವರು ಚೀಲದಿಂದ ಅದನ್ನು ತೆಗೆದು ಪೆನ್ಸಿಲ್ಲಿನ ಮೊನೆಯನ್ನು ನಾಲಗೆಗೆ ಒತ್ತಿದರೆ ಸಾಕು, ಕೆಮ್ಮುತ್ತಿದ್ದವರು ಕೆಮ್ಮನ್ನೇ ನುಂಗುತ್ತಿದ್ದರು!

ಸಭೆಯ ಹಿರಿಯರೊಬ್ಬರು ಧೈರ್ಯ ಮಾಡಿ ಕೇಳಿದರು, "ಅಯ್ಯನವರ, ನಂದು ಎಷ್ಟ ಬರದೀರಿ?"

"ಒಂದೂವರಿ ಸಾಲು."

"ಅಷ್ಟನ ಏನ್ರಿ?"

"ಹೆಂಡ್ತೀನ ಬಡಿಯೂದು ಬಿಡಪಾ, ಎರಡನೇ ಸಾಲು ಪೂರಾ ಮಾಡ್ತೀನಿ."

ಅಂದಿನಿಂದ ಆ ಮನೆಯಲ್ಲಿ ಎತ್ತಿದ ಕೈ ಹಾಗೇ ತಲೆ ಕೆರೆದುಕೊಂಡು ಇಳಿಯುತ್ತಿತ್ತಂತೆ!

ನನಗೇನು ಅಂಜಿಕೆ ಇರಲಿಲ್ಲವೇ? ಇತ್ತು. ನಗುತ್ತಲೇ ಕೇಳಿದೆ, "ನಂದೇನ ಬರದೀರಿ, ಬೀಗರ?"

"ರೊಟ್ಟಿ ತೆಳುವು, ನಾಲಿಗಿ ಉದ್ದ ಅಂತ. ಬೆಣ್ಣಿ ಹಾಕಿದ್ರ ನಾಲಿಗೀದು ಅಳಸ್ತೀನ್ರಿ."

ಬೆಣ್ಣೆ ಹಾಕಿದೆ! ಅಳಿಸಿದರೋ ಇಲ್ಲವೋ ದೇವರೇ ಬಲ್ಲ.

ಹೋದ ವರ್ಷ ಮಗಳು ಬಾಣಂತನಕ್ಕೆಂದು ಗುಡಗೇರಿಯ ನಮ್ಮ ಮನೆಗೆ ಬಂದವಳು ಏಳು ತಿಂಗಳಿಗೇ ಹೆತ್ತಳು. ಅಂಗೈಯಷ್ಟು ಕೂಸು. ಅರಳೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡು ಕೂತೆ. ಮೂರನೆಯ ದಿನ ಅದು ಹಾಲು ಕುಡಿಯುವುದನ್ನೇ ಬಿಟ್ಟಿತು. ಬೆಳಗಿನ ರೈಲುಗಾಡಿಯ ಮಸಿಯನ್ನು ಮುಖಕ್ಕೆ ಹತ್ತಿಸಿಕೊಂಡೇ ಬೀಗರು ಬಂದರು. ಕೂಸನ್ನು ನೋಡಿದರು. ಕೈ ಚೀಲಕ್ಕೆ ಹೋಯಿತು. ಕೆಂಪು ರಟ್ಟು ಕಂಡದ್ದೇ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಬೀಗರ, ಆ ವಹಿ ತೆರದ್ರ ಒಲಿಗೆ ಹಾಕ್ತೀನಿ ನೋಡ್ರಿ! ನನ್ನ ಕೂಸಿಂದು ಬರೀಬ್ಯಾಡ್ರಿ!"

ಅವರು ಗೋಡೆಯ ಕಡೆ ತಿರುಗಿ ಏನೋ ಗೀಚಿದರು, ವಹಿ ಮುಚ್ಚಿ ಹೊರಗೆ ಹೋದರು. ಸಾವಿಗೆ ಅಂಜಬಾರದು ಎಂದು ಊರೂರು ಸಾರುವವರಿಗೆ ಕರುಳೇ ಇರುವುದಿಲ್ಲವೇ? ಅವರೊಡನೆ ಮಾತು ಬಿಟ್ಟೆ.

ಮಧ್ಯಾಹ್ನ ಕೂಸು ಹಾಲಿನಲ್ಲಿ ಅದ್ದಿದ ಅರಳೆಯ ಬತ್ತಿಯನ್ನು ಚೀಪಿತು. ಸಂಜೆ ಅತ್ತಿತು. ಏನು ಅಳು ಅದು! ಸ್ಟೇಷನ್ನಿನಲ್ಲಿದ್ದ ಗಾಡಿ ಹೆದರಿ ಹೊರಟಿರಬೇಕು!

ಮೊನ್ನೆ ಕೂಸಿಗೆ ವರ್ಷ ತುಂಬಿತು, ಬೀಗರೂ ನಮ್ಮ ಮನೆಗೆ ಬಂದಿದ್ದರು. ನನ್ನ ಬಂಗಾರ ಎದ್ದು ನಿಂತಳು, ಎರಡು ಹೆಜ್ಜೆ ಇಟ್ಟಳು, ಅಜ್ಜನ ಚೀಲದ ಮೇಲೆ ಬಿದ್ದಳು! ವಹಿಯನ್ನು ಎಳೆದು ನನ್ನ ಪುಟವನ್ನೇ ಹರಿದು ಬಾಯಿಗಿಟ್ಟಳು. ಪ್ರಸಂಗವೇ ಇಲ್ಲವೆಂದ ಮೇಲೆ ನಾನು ಸಾಯುವುದಾದರೂ ಹೇಗೆ?

ವಹಿ ಎತ್ತಿಡಲು ಹೋದವಳಿಗೆ ಕೊನೆಯ ಪುಟ ಕಂಡಿತು. ನನ್ನದು ಮೂರನೇ ಇಯತ್ತೆಯ ಓದು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮೇಲೆ "ನನ್ನ ಮೊಮ್ಮಗಳು" ಎಂದಿತ್ತು. ಕೆಳಗೆ ಸೊಟ್ಟ ಅಕ್ಷರದಲ್ಲಿ ಒಂದೇ ಸಾಲು: "ಕರ್ತನೇ, ನನಗೆ ಅಂಜಿಕೆಯಾಗಿದೆ." ಉಳಿದದ್ದೆಲ್ಲ ಖಾಲಿ.

ಊಟಕ್ಕೆ ಕೂತ ಬೀಗರು ತಾಟು ನೋಡಿ ಕೇಳಿದರು, "ಯಾಕ್ರಿ, ಇವತ್ತ ಕೇಳೂಕಿಂತ ಮೊದಲ ಇಷ್ಟ ಬೆಣ್ಣಿ?"

ಇನ್ನೊಂದು ರೊಟ್ಟಿ ಹಾಕಿದೆ.